ಟೇಪಣ್ಣ ಉಳಿಸಿದ ಹನ್ನೆರಡು ನಿಮಿಷ

ಟೇಪಣ್ಣ ತೀರಿಕೊಂಡ ಮೇಲೆ ನಮ್ಮ ಸಂಸ್ಥೆಯಲ್ಲಿ ಒಂದು ಸಂತಾಪ ಸಭೆ ಮಾಡಿದರು. ಈಗಿನ ನಿರ್ದೇಶಕರು ಅವರ ಮುಖವನ್ನೂ ಕಂಡವರಲ್ಲ. ಆದರೂ ಎದ್ದು ನಿಂತು, 'ಮೂವತ್ತು ವರ್ಷದ ಸೇವೆಯಲ್ಲಿ ಒಂದೇ ಒಂದು ತಪ್ಪು ಮಾಡದ ಕೆಲಸಗಾರ' ಎಂದು ಕಾಗದ ನೋಡಿಕೊಂಡು ಓದಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ಮೈ ಉರಿಯಿತು. ಒಂದು ತಪ್ಪು ಮಾಡಿದ್ದರು. ಅದನ್ನು ಹೇಳಿಕೊಳ್ಳಲು ಇಪ್ಪತ್ನಾಲ್ಕು ವರ್ಷ ತೆಗೆದುಕೊಂಡರು. ಆ ತಪ್ಪನ್ನು ಬಿಟ್ಟು ಅವರ ಬಗ್ಗೆ ಮಾತಾಡಿದರೆ ಅದು ಬೇರೆ ಯಾರದೋ ಕಥೆಯಾಗುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ, ಅದನ್ನೂ ಹೇಳುತ್ತೇನೆ.

ನಮ್ಮದು ಶಾಲೆಗಳಲ್ಲಿ ಗಣಿತವನ್ನು ಹೇಗೆ ಕಲಿಸುತ್ತಾರೆ, ಮಕ್ಕಳು ಹೇಗೆ ಕಲಿಯುತ್ತಾರೆ ಎಂದು ಅಧ್ಯಯನ ಮಾಡುವ ಸಂಸ್ಥೆ. ಅಧ್ಯಯನ ಮಾಡುವವರು ಮೂರನೇ ಮಹಡಿಯಲ್ಲಿದ್ದರು. ಅವರಿಗೆ ದೊಡ್ಡ ಕಿಟಕಿ, ಗಾಳಿ, ಬೆಳಕು. ನಾನೂ ಟೇಪಣ್ಣನೂ ನೆಲಮಹಡಿಯಲ್ಲಿ, ಮೆಟ್ಟಿಲ ಕೆಳಗಿನ ಕೋಣೆಯಲ್ಲಿ. ತಲೆಯ ಮೇಲೆ ಯಾರಾದರೂ ಇಳಿದರೆ ಮೇಜು ನಡುಗುತ್ತಿತ್ತು. ಟೇಪಣ್ಣ ತರಗತಿಗಳಿಗೆ ಹೋಗಿ ಪಾಠವನ್ನು ಕ್ಯಾಸೆಟ್ಟಿನಲ್ಲಿ ಹಿಡಿದು ತರುತ್ತಿದ್ದರು. ನಾನು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಕಾಲಲ್ಲಿ ಪೆಡಲ್ ಒತ್ತಿ ಟೇಪನ್ನು ಓಡಿಸುತ್ತ, ನಿಲ್ಲಿಸುತ್ತ, ಟೀಚರು ಅಂದದ್ದು, ಮಕ್ಕಳು ಅಂದದ್ದು ಎಲ್ಲವನ್ನೂ ಟೈಪ್ ಮಾಡುತ್ತಿದ್ದೆ. ಇಡೀ ಕಟ್ಟಡ ಅವರನ್ನು ಟೇಪಣ್ಣ ಎನ್ನುತ್ತಿತ್ತು, ನನ್ನನ್ನು ಟೈಪಮ್ಮ. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು.

ಅವರು ಸಂಸ್ಥೆಗೆ ಬರುವ ಮುಂಚೆ ರೇಡಿಯೋ ರಿಪೇರಿ ಅಂಗಡಿಯಲ್ಲಿದ್ದರು. ತೆಳ್ಳಗಿನ ಮನುಷ್ಯ. ಯಾವಾಗಲೂ ಎರಡು ಜೇಬಿನ ಅಂಗಿ. ಒಂದರಲ್ಲಿ ಸಣ್ಣ ಸ್ಕ್ರೂಡ್ರೈವರ್, ಇನ್ನೊಂದರಲ್ಲಿ ಹತ್ತಿ ಸುತ್ತಿದ ಕಡ್ಡಿ, ಟೇಪು ಉಜ್ಜುವ ಜಾಗ ಒರೆಸಲು. ಹತ್ತಿರ ಬಂದರೆ ಸ್ಪಿರಿಟ್ಟಿನ ವಾಸನೆ. ಅವರ ಹೆಂಡತಿ ಬಟ್ಟೆ ಹೊಲಿಯುವವರು. ಅಂಗಿಗೆ ಎರಡನೇ ಜೇಬು ಇಟ್ಟುಕೊಟ್ಟವರು ಅವರೇ. ಟೇಪಣ್ಣನಿಗೆ ಮಾತು ಕಡಿಮೆ, ಕೋಪ ಇನ್ನೂ ಕಡಿಮೆ. ನನಗೆ ಎರಡೂ ಜಾಸ್ತಿ. ಹಾಗಾಗಿ ಆ ಸಣ್ಣ ಕೋಣೆಯಲ್ಲಿ ಹೇಗೋ ಸರಿಹೋಯಿತು.

ಏಳನೇ ತರಗತಿಗೇ ಶಾಲೆ ಬಿಟ್ಟವರು ಅವರು. ಯಾಕೆ ಎಂದು ಒಂದು ಸಲ ಕೇಳಿದೆ.

"ಗಣಿತ," ಅಂದರು. "ನಮ್ಮ ಮೇಷ್ಟ್ರು ಪ್ರಶ್ನೆ ಕೇಳೋರು, ನಾನು ಬಾಯಿ ತೆಗೆಯೋದ್ರೊಳಗೆ ಬೆತ್ತ ತೆಗೆಯೋರು. ಉತ್ತರ ಗೊತ್ತಿರ್ತಿತ್ತು ಟೈಪಮ್ಮ. ಆದ್ರೆ ಬರೋದು ಸ್ವಲ್ಪ ತಡ ಆಗ್ತಿತ್ತು. ಬೆತ್ತ ಬೇಗ ಬರೋದು."

ನಕ್ಕುಕೊಂಡೇ ಹೇಳಿದರು. ನಾನೂ ನಕ್ಕೆ.

ಅವರಿಗೆ ಮೂವತ್ತಾರು ವಯಸ್ಸಾಗಿದ್ದಾಗ ಮೂರನೇ ಮಹಡಿಯ ಡಾಕ್ಟರಮ್ಮ ಒಂದು ದೊಡ್ಡ ಅಧ್ಯಯನ ಶುರುಮಾಡಿದರು. ಡಾಕ್ಟರಮ್ಮ ಎಂದರೆ ಸೂಜಿ ಚುಚ್ಚುವವರಲ್ಲ, ಗಣಿತದ ಕಲಿಕೆಯ ಮೇಲೆ ದೊಡ್ಡ ಪದವಿ ಪಡೆದವರು. ಬುದ್ಧಿವಂತೆ, ಮನಸ್ಸೂ ಒಳ್ಳೆಯದು. ಆದರೆ ಕೆಳಗಿನ ಮಹಡಿಯವರಿಗೆ ಏನು ಮಾಡಬೇಕೆಂದು ಹೇಳುತ್ತಿದ್ದರೇ ಹೊರತು ಯಾಕೆಂದು ಹೇಳುತ್ತಿರಲಿಲ್ಲ. ನಲವತ್ತು ಶಾಲೆಗಳ ಐದನೇ ತರಗತಿ, ಒಂದೊಂದರಲ್ಲೂ ನಾಲ್ಕು ಪಾಠ. ಯಾವ ಟೀಚರ ಹೆಸರೂ ಎಲ್ಲೂ ಬರಕೂಡದು, ಬರೀ ಸಂಖ್ಯೆ. ದೊಡ್ಡವರು ಬಂದು ಕೂತರೆ ಮಕ್ಕಳು ಬಿಗಿದುಕೊಳ್ಳುತ್ತಾರೆಂದು ತರಗತಿಗೆ ಟೇಪಣ್ಣ ಒಬ್ಬರೇ ಹೋಗಬೇಕು. ಹಿಂದಿನ ಬೆಂಚಿನಲ್ಲಿ ಕೂತು ಪಾಠ ಪೂರ್ತಿ ಹಿಡಿಯಬೇಕು, ಮಕ್ಕಳು ತಿರುಗಿ ನೋಡುವ ಹಾಗೆ ಏನೂ ಮಾಡಕೂಡದು. ಅವರಿಗೆ ಸಿಕ್ಕ ಅಪ್ಪಣೆ ಇಷ್ಟೇ.

ಮೊದಲ ಹದಿನಾರು ತರಗತಿ ಸುಸೂತ್ರವಾಗಿ ಮುಗಿದವು. ಪಾಠ ನಲವತ್ತು ನಿಮಿಷ, ಕ್ಯಾಸೆಟ್ಟಿನ ಒಂದು ಮಗ್ಗುಲು ಮೂವತ್ತು ನಿಮಿಷ. ನಡುವೆ ಒಂದು ಸಲ ಕ್ಯಾಸೆಟ್ಟು ತಿರುಗಿಸಿ ಹಾಕಬೇಕು. ಆ ಯಂತ್ರ ಸುಮ್ಮನೆ ತೆರೆಯುವಂಥದ್ದಲ್ಲ, ಖಟ್ ಎಂದು ಬಾಯಿ ಬಿಡುತ್ತಿತ್ತು. ತರಗತಿಯ ಗಲಾಟೆಯಲ್ಲಿ ಅದು ಯಾರಿಗೂ ಕೇಳುತ್ತಿರಲಿಲ್ಲ. ಹದಿನೇಳನೆಯದರಲ್ಲಿ ಮಾತ್ರ ಕೇಳುವ ಹಾಗಿತ್ತು.

ಹದಿನೇಳನೇ ತರಗತಿ ಒಂದು ಹಳೆಯ ಶಾಲೆಯ ಹಿಂಬದಿಯ ಕೋಣೆ. ಕಿಟಕಿಯಾಚೆ ಬಾಗಿಲು ಮುಚ್ಚಿದ ಗೋದಾಮು, ರಸ್ತೆಯ ಸದ್ದಿಲ್ಲ. ಟೀಚರಿಗೆ ಆಗ ನಲವತ್ತೇಳು ವಯಸ್ಸು. ಮೊದಲ ದಿನ ಅಲ್ಲಿಂದ ಬಂದವರೇ ಟೇಪಣ್ಣ ಮೇಜಿನ ಮೇಲೆ ಯಂತ್ರ ಇಟ್ಟು, ಕೂರದೆ ನಿಂತೇ ಹೇಳಿದರು:

"ಆ ಟೀಚರು ಪ್ರಶ್ನೆ ಕೇಳಿಬಿಟ್ಟು ಗೋಡೆಗೆ ಒರಗಿ ನಿಂತ್ಕೊಂಡ್ಬಿಡ್ತಾರೆ. ಮಕ್ಕಳು ಅವರನ್ನ ಗೋಡೆ ಟೀಚರ್ ಅಂತಾರಂತೆ. ನಿಂತ್ರು ಅಂದ್ರೆ ನಿಂತ್ರು. ಯಾರೂ ಕೆಮ್ಮೋದೂ ಇಲ್ಲ. ಒಂದೊಂದೇ ಮಗು ಮುಖ ನೋಡ್ತಾರೆ. ನನಗೇ ಎದ್ದು ಉತ್ತರ ಹೇಳಿಬಿಡೋಣ ಅನ್ಸಿಬಿಡ್ತು."

"ನಿಮಗೆ ಉತ್ತರ ಗೊತ್ತಿತ್ತಾ?"

"ಮೊದಲು ಗೊತ್ತಿರಲಿಲ್ಲ. ಅವರು ನಿಂತೇ ಇದ್ರಲ್ಲ, ಅಷ್ಟೊತ್ತಿಗೆ ಗೊತ್ತಾಯ್ತು."

ಪ್ರಶ್ನೆ ಏನೆಂದೂ ಹೇಳಿದರು. ಮೂರರಲ್ಲಿ ಒಂದು ಭಾಗ ದೊಡ್ಡದೋ, ನಾಲ್ಕರಲ್ಲಿ ಒಂದು ಭಾಗ ದೊಡ್ಡದೋ? ಮೊದಲ ಹುಡುಗ ನಾಲ್ಕು ದೊಡ್ಡ ಸಂಖ್ಯೆ, ಅದಕ್ಕೇ ನಾಲ್ಕರಲ್ಲಿ ಒಂದು ದೊಡ್ಡದು ಎಂದನಂತೆ. ಟೀಚರು ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ, ಗೋಡೆಗೆ ಒರಗಿದರು. ಬಹಳ ಹೊತ್ತಾದ ಮೇಲೆ ಮೂಲೆಯ ಹುಡುಗಿಯೊಬ್ಬಳು, ಹಂಚಿಕೊಳ್ಳೋರು ಜಾಸ್ತಿಯಾದರೆ ನನ್ನ ಪಾಲು ಚಿಕ್ಕದಾಗುತ್ತೆ ಎಂದಳು. ಆ ಮೊದಲ ಹುಡುಗ, ಹೌದಲ್ವಾ ಎಂದು ತಲೆ ಕೆರೆದುಕೊಂಡನಂತೆ. ಇದನ್ನು ಹೇಳುವಾಗ ಟೇಪಣ್ಣನ ಮುಖ ಅರಳಿತ್ತು. ನನಗೂ ಇಂಥ ಟೀಚರು ಸಿಕ್ಕಿದ್ದರೆ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ, ನನಗೆ ಗೊತ್ತಾಯಿತು.

ಆದರೆ ಅವತ್ತಿನ ಟೇಪು ಕೆಟ್ಟಿತ್ತು. ಆ ನಿಶ್ಶಬ್ದದಲ್ಲಿ ಕ್ಯಾಸೆಟ್ಟು ತಿರುಗಿಸಿದರೆ ಮಕ್ಕಳೆಲ್ಲ ಹಿಂದೆ ತಿರುಗುತ್ತಾರೆಂದು ಟೇಪಣ್ಣ ಕಾದರು. ಗಲಾಟೆಯೇ ಆಗಲಿಲ್ಲ. ಮೂವತ್ತು ನಿಮಿಷಕ್ಕೆ ಟೇಪು ಮುಗಿದು, ಪಾಠದ ಕೊನೆಯ ಹತ್ತು ನಿಮಿಷ ತಪ್ಪಿಹೋಯಿತು. ಡಾಕ್ಟರಮ್ಮ ಆ ಪಾಠವನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ, ಬೇರೆ ನಾಲ್ಕು ಪಾಠ ಹಿಡಿದು ತರಲು ಹೇಳಿದರು. ಇವರನ್ನು ಮೇಲೆ ಕರೆಸಿ, ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದರು. ಆರು ವರ್ಷದಿಂದ ತಾತ್ಕಾಲಿಕ ಕೆಲಸದಲ್ಲಿದ್ದವರಿಗೆ ಆ ಮಾತು ಹೇಗೆ ನಾಟಿರಬೇಕು! ಬಂದು ಆ ಟೇಪನ್ನು ಅಳಿಸಿ ಮತ್ತೆ ಬಳಕೆಗೆ ಇಟ್ಟುಕೊಂಡರು.

ಯಂತ್ರದ ಮಗ್ಗುಲಲ್ಲಿ ಒಂದು ಪುಟ್ಟ ಗುಂಡಿ ಇತ್ತು. ಅದನ್ನು ಮೇಲಕ್ಕೆ ತಳ್ಳಿದರೆ ಸದ್ದು ಇದ್ದಾಗ ಮಾತ್ರ ಟೇಪು ಓಡುತ್ತದೆ. ಸದ್ದು ನಿಂತು ಒಂದೂವರೆ ಸೆಕೆಂಡಿಗೆ ತಾನೂ ನಿಲ್ಲುತ್ತದೆ, ಮತ್ತೆ ಯಾರಾದರೂ ಬಾಯಿ ತೆರೆದರೆ ಓಡುತ್ತದೆ. ಟೇಪಣ್ಣ ಹದಿನೇಳನೇ ತರಗತಿಯ ಮಟ್ಟಿಗೆ ಆ ಗುಂಡಿಯನ್ನು ಮೇಲಕ್ಕೆ ತಳ್ಳಿದರು. ನಲವತ್ತು ನಿಮಿಷದ ಪಾಠ ಇಪ್ಪತ್ತೆಂಟು ನಿಮಿಷಕ್ಕೆ ಇಳಿದು ಒಂದೇ ಮಗ್ಗುಲಲ್ಲಿ ಕೂತಿತು. ತಿರುಗಿಸುವ ಗೊಡವೆಯೇ ಇಲ್ಲ.

"ನೋಡಿ ಟೈಪಮ್ಮ, ಹನ್ನೆರಡು ನಿಮಿಷ ಉಳೀತು. ಒಂದು ಮಾತೂ ತಪ್ಪಿಲ್ಲ!" ಎಂದು ಹೆಮ್ಮೆಯಿಂದ ತೋರಿಸಿದರು. ಹೇಗೆ ಉಳಿಯಿತೆಂದು ನಾನು ಕೇಳಲಿಲ್ಲ. ಅವರ ತಿಳಿವಳಿಕೆಯಲ್ಲಿ ಮೇಲಿನವರಿಗೆ ಬೇಕಾಗಿದ್ದು ಮಾತು. ನನ್ನ ತಿಳಿವಳಿಕೆಯೂ ಅಷ್ಟೇ ಇತ್ತು.

ಈಗ ನನ್ನ ಪಾಲಿನದು. ಆ ಗುಂಡಿಗೆ ಒಂದು ದೋಷವಿತ್ತು. ನಿಂತ ಟೇಪು ಮತ್ತೆ ಓಡಲು ಅರೆಕ್ಷಣ ಬೇಕು, ಅಷ್ಟರಲ್ಲಿ ಹೇಳಿದ ಮಾತಿನ ಮೊದಲ ಅಕ್ಷರ ನುಂಗಿಹೋಗುತ್ತಿತ್ತು. ಹದಿನೇಳನೇ ತರಗತಿಯ ಟೇಪು ಹಾಕಿದರೆ ಪ್ರತಿ ಮಗುವಿನ ಉತ್ತರವೂ ತಲೆಯಿಲ್ಲದೆ ಶುರುವಾಗುತ್ತಿತ್ತು. "ಮೈಕು ಹೇಗೆ ಹಿಡೀತೀರಾ ಟೇಪಣ್ಣ, ನಿದ್ದೆ ಮಾಡ್ತೀರಾ?" ಎಂದು ಬೈದುಕೊಂಡೇ ಆ ಅಕ್ಷರಗಳನ್ನು ನಾನೇ ಊಹಿಸಿ ತುಂಬಿದೆ. ಚೊಕ್ಕವಾಗಿ ಟೈಪ್ ಮಾಡಿ, ಹೊಲಿದು, ಮೇಲೆ ಕಳಿಸಿದೆ. ಯಾರಾದರೂ ಹಾಳೆ ನೋಡಿ ಇದೇನು ಹೀಗೆ ಎಂದು ಕೇಳಬಹುದಾಗಿದ್ದ ಗುರುತು ಅದೊಂದೇ. ಅದನ್ನು ನನ್ನ ಅಚ್ಚುಕಟ್ಟುತನ ಅಳಿಸಿಹಾಕಿತು.

ಒಂದು ವರ್ಷದ ನಂತರ ಫಲಿತಾಂಶ ಹೇಳುವ ಸಭೆ. ನಲವತ್ತು ಟೀಚರುಗಳನ್ನೂ ಕರೆದಿದ್ದರು. ಒಬ್ಬೊಬ್ಬರ ಕೈಗೂ ಅವರವರ ಸಂಖ್ಯೆ ಬರೆದ ಚೀಟಿ ಕೊಟ್ಟು ಒಳಗೆ ಬಿಡುವುದು ನನ್ನ ಕೆಲಸ, ಮೈಕು ನೋಡಿಕೊಳ್ಳುವುದು ಟೇಪಣ್ಣನದು. ಡಾಕ್ಟರಮ್ಮ ಪರದೆಯ ಮೇಲೆ ಪಟ್ಟಿ ಹಾಕಿದರು. ಆಗ ನಮಗಿಬ್ಬರಿಗೂ ಮೊದಲ ಸಲ ಗೊತ್ತಾಯಿತು, ಅವರು ಅಳೆಯುತ್ತಿದ್ದದ್ದು ಮಾತನ್ನಲ್ಲ. ಪ್ರಶ್ನೆ ಕೇಳಿದ ಮೇಲೆ ಟೀಚರು ಉತ್ತರಕ್ಕೆ ಎಷ್ಟು ಹೊತ್ತು ಕಾಯುತ್ತಾರೆ, ಅದನ್ನು. ಮೇಲಿನ ಮಹಡಿಯಲ್ಲಿ ಟೇಪು ಹಾಕಿಕೊಂಡು, ಪ್ರಶ್ನೆ ಮುಗಿದ ಕ್ಷಣದಿಂದ ಮುಂದಿನ ಮಾತಿನವರೆಗೆ ಸೆಕೆಂಡು ಗಡಿಯಾರ ಹಿಡಿದು ಕೂತಿದ್ದರಂತೆ.

ಬಹುತೇಕ ಎಲ್ಲರೂ ಒಂದು ಸೆಕೆಂಡು ಕೂಡ ಕಾಯುತ್ತಿರಲಿಲ್ಲ. ಕೇಳಿ, ತಕ್ಷಣ ಇನ್ನೊಬ್ಬರನ್ನು ಕೇಳಿ, ಕೊನೆಗೆ ತಾವೇ ಹೇಳಿಬಿಡುತ್ತಿದ್ದರು. ಇದು ನಿಜವೇ, ಅಷ್ಟೂ ಟೇಪುಗಳನ್ನು ಕೇಳಿದ ನಾನೇ ಸಾಕ್ಷಿ. ಕನಿಷ್ಠ ಮೂರು ಸೆಕೆಂಡು ಕಾಯಿರಿ, ಮಕ್ಕಳು ಯೋಚಿಸುತ್ತಾರೆ ಎಂದರು ಡಾಕ್ಟರಮ್ಮ. ಒಳ್ಳೆಯ ಮಾತು. ಮೂವತ್ತೊಂಬತ್ತು ಜನರಿಗೆ ಸರಿಯಾದ ಮಾತು. ಪಟ್ಟಿಯಲ್ಲಿ ಹದಿನೇಳರ ಮುಂದೆ 'ಒಂದೂವರೆ' ಎಂದಿತ್ತು. ಆ ಪಟ್ಟಿ ಟೈಪ್ ಮಾಡಿದ್ದವಳೂ ನಾನೇ. ಗೋಡೆಗೆ ಒರಗಿ ನಿಲ್ಲುವ ಟೀಚರು ಒಂದೂವರೆ ಸೆಕೆಂಡಿನಲ್ಲಿ ಹೇಗೆ ಒರಗುತ್ತಾರೆ, ಹೇಗೆ ಏಳುತ್ತಾರೆ ಎಂಬುದು ನನ್ನ ಮಂಡೆಗೆ ಹೊಳೆಯಲೇ ಇಲ್ಲ.

ಪ್ರಶ್ನೆಗಳಿದ್ದರೆ ಕೇಳಬಹುದು ಎಂದಾಗ ಹದಿನೇಳನೆಯವರು ಎದ್ದರು. ತಮ್ಮ ಸಂಖ್ಯೆ ಹೇಳಬೇಕಾಗಿರಲಿಲ್ಲ, ಹೇಳಿದರು.

"ನಾನು ಹದಿನೇಳು. ನಾನು ತುಂಬ ಹೊತ್ತು ಕಾಯ್ತೀನಿ ಅಂತ ನನಗನ್ಸುತ್ತೆ. ಅಳತೆಯಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆಗಿರಬಹುದಾ?"

ಡಾಕ್ಟರಮ್ಮ ಪ್ರೀತಿಯಿಂದಲೇ ಉತ್ತರಿಸಿದರು. "ಎಲ್ಲರಿಗೂ ಹಾಗೇ ಅನ್ಸುತ್ತೆ ಟೀಚರ್. ಎದುರಿಗೆ ಮಕ್ಕಳು ಸುಮ್ಮನೆ ಕೂತಿದ್ರೆ ಒಂದು ಸೆಕೆಂಡು ಒಂದು ನಿಮಿಷ ಆಗಿಬಿಡುತ್ತೆ. ಟೇಪು ಸುಳ್ಳು ಹೇಳಲ್ಲ."

ಕೆಲವರು ನಕ್ಕರು. ಟೀಚರು ಹಿಂದೆ ತಿರುಗಿ ಮೈಕಿನ ಪೆಟ್ಟಿಗೆಯ ಹತ್ತಿರ ನಿಂತಿದ್ದ ಟೇಪಣ್ಣನನ್ನು ನೋಡಿದರು. ತರಗತಿಯಲ್ಲಿ ಕೂತಿದ್ದವರು ಅವರೊಬ್ಬರೇ ಅಲ್ಲವೇ? ಟೇಪಣ್ಣ ಬಗ್ಗಿ, ಸುತ್ತಬೇಕಾಗಿಲ್ಲದ ವೈರನ್ನು ಸುತ್ತತೊಡಗಿದರು. ಟೀಚರು ಕೂತರು.

ಆ ತಿಂಗಳ ಕೊನೆಯಲ್ಲಿ ಟೇಪಣ್ಣನ ಕೆಲಸ ಖಾಯಂ ಆಗುವುದರಲ್ಲಿತ್ತು. ಹೆಂಡತಿ ತುಂಬು ಗರ್ಭಿಣಿ. ಕೆಲಸ ಖಾಯಮ್ಮಾಯಿತು, ಮಗಳು ಹುಟ್ಟಿದಳು, ವರದಿ ಅಚ್ಚಾಯಿತು. ಡಾಕ್ಟರಮ್ಮ ಬೇರೆ ಕಡೆ ಹೋದರು, ಕೆಲವು ವರ್ಷಕ್ಕೆ ತೀರಿಕೊಂಡ ಸುದ್ದಿ ಬಂತು. ಕ್ಯಾಸೆಟ್ಟು ಹೋಗಿ ಬೇರೆ ಯಂತ್ರಗಳು ಬಂದವು. ಟೇಪಣ್ಣ ಹೊಸದನ್ನೆಲ್ಲ ಕಲಿತರು, ಹೊಸ ಯಂತ್ರ ಬಂದಾಗಲೆಲ್ಲ ಮೊದಲು ಅದರ ಗುಂಡಿಗಳ ಪುಸ್ತಕವನ್ನು ಕೊನೆಯ ಪುಟದವರೆಗೆ ಓದುತ್ತಿದ್ದರು. ಮೇಲಿನವರು ಟೇಪು ಮಾಡಿ ಎಂದರೆ, "ಯಾತಕ್ಕೆ, ಏನನ್ನ ನೋಡ್ತೀರಿ?" ಎಂದು ಕೇಳದೆ ಯಂತ್ರ ಮುಟ್ಟುತ್ತಿರಲಿಲ್ಲ. ಬಾಯಿಯಿಲ್ಲದ ಈ ಮನುಷ್ಯನಿಗೆ ಇದ್ದಕ್ಕಿದ್ದಂತೆ ಎಲ್ಲಿಂದ ಬಾಯಿ ಬಂತು ಎಂದು ನಾನು ತಮಾಷೆ ಮಾಡುತ್ತಿದ್ದೆ. ಜನ ಅದನ್ನು ಶ್ರದ್ಧೆ ಎಂದರು. ಸಂತಾಪ ಸಭೆಯಲ್ಲೂ ಅದನ್ನೇ ಹೇಳಿದರು.

ಅವರು ನಿವೃತ್ತರಾದ ವರ್ಷ ಹಳೆಯ ಟೇಪುಗಳ ಕೋಣೆ ಖಾಲಿ ಮಾಡಬೇಕೆಂದು ನಮ್ಮಿಬ್ಬರನ್ನೂ ಕರೆಸಿದರು. ಇಡುವುದು ಯಾವುದು, ಬಿಸಾಡುವುದು ಯಾವುದು ನಾವೇ ಹೇಳಬೇಕು. ನಾನು ಅದಕ್ಕೆ ಎರಡು ವರ್ಷ ಮುಂಚೆಯೇ ನಿವೃತ್ತಳಾಗಿದ್ದೆ. ಧೂಳಿನಲ್ಲಿ ಸೀನುತ್ತ ಒಂದು ಟೇಪು ಹಾಕಿದೆ. 'ಚಿಕ್ಕದು' ಎನ್ನಬೇಕಾದ ಮಗುವೊಂದು 'ಕ್ಕದು' ಎಂದಿತು. ನನಗೆ ನಗು ಬಂತು.

"ನೋಡಿ ನಿಮ್ಮ ಘನಕಾರ್ಯ! ಹದಿನೇಳನೇ ತರಗತಿ. ಮಕ್ಕಳ ಮಾತಿನ ತಲೆಯನ್ನೆಲ್ಲ ಕತ್ತರಿಸಿಟ್ಟಿದ್ದೀರಿ."

ಅವರು ನಗಲಿಲ್ಲ. ಪೆಟ್ಟಿಗೆಯ ಮೇಲೆ ಕೂತು ಎಲ್ಲವನ್ನೂ ಹೇಳಿದರು: ಗುಂಡಿ, ಹನ್ನೆರಡು ನಿಮಿಷ, ಪರದೆಯ ಮೇಲಿನ ಒಂದೂವರೆ, ಟೀಚರು ತಿರುಗಿ ನೋಡಿದ್ದು.

"ಪಟ್ಟಿ ನೋಡಿದ ತಕ್ಷಣ ಗೊತ್ತಾಯ್ತು. ಒಂದೂವರೆ ಅನ್ನೋದು ಟೀಚರದಲ್ಲ, ಯಂತ್ರದ್ದು."

"ಹೇಳ್ಬೇಕಾಗಿತ್ತಲ್ರೀ!" ಎಂದು ಕೂಗಿಬಿಟ್ಟೆ. ನನಗೆ ಸಿಟ್ಟು ಬಂದದ್ದು ಅವರ ಮೇಲೆ ಎಷ್ಟೋ ನನ್ನ ಮೇಲೂ ಅಷ್ಟೇ. ಆ ಅಕ್ಷರಗಳನ್ನು ತುಂಬಿದವಳು ನಾನು.

"ನಾಳೆ ಹೇಳೋಣ ಅಂದ್ಕೊಂಡೆ. ಆಮೇಲೆ ಆರ್ಡರ್ ಕೈಗೆ ಬರಲಿ ಅಂದ್ಕೊಂಡೆ. ಆಮೇಲೆ ವರದಿ ಅಚ್ಚಾಗಿಬಿಡ್ತು. ಆಮೇಲೆ ಯಾರಿಗೆ ನೆನಪಿರುತ್ತೆ ಅಂತ ನನಗೆ ನಾನೇ ಹೇಳ್ಕೊಂಡೆ. ನನಗೇ ಮರೀಲಿಲ್ಲ."

ಟೀಚರನ್ನು ಹುಡುಕುವುದು ಕಷ್ಟವಾಗಲಿಲ್ಲ. ಅದೇ ಶಾಲೆಯಲ್ಲಿ ವಿಚಾರಿಸಿದರೆ ವಿಳಾಸ ಕೊಟ್ಟರು. ಸಭೆಯ ನಂತರ ಹನ್ನೊಂದು ವರ್ಷ ಅಲ್ಲೇ ಪಾಠ ಮಾಡಿ ನಿವೃತ್ತರಾಗಿದ್ದರಂತೆ. ಹಾಗಾದರೆ ಅಂಥ ಅನಾಹುತವೇನೂ ಆಗಿಲ್ಲ ಎಂದು ನಾನು ಟೇಪಣ್ಣನಿಗೆ ಧೈರ್ಯ ಹೇಳಿದೆ. ಬಸ್ಸಿನಲ್ಲಿ ಇನ್ನೂ ಒಂದು ಬುದ್ಧಿ ಹೇಳಿಕೊಟ್ಟೆ.

"ಗುಂಡಿ ವಿಷಯ ಹೇಳಿ, ಬೇಡ ಅನ್ನಲ್ಲ. ಆದ್ರೆ ಹಳೇ ಟೇಪು ನೋಡ್ವಾಗ ಈಗ ಗೊತ್ತಾಯ್ತು ಅನ್ನಿ. ಅವತ್ತೇ ಗೊತ್ತಿತ್ತು ಅಂದ್ರೆ ಆ ಜೀವಕ್ಕೆ ಸುಮ್ಮನೆ ನೋವು. ನಿಮಗೂ ಏನು ಬರುತ್ತೆ?"

"ಸರಿ, ಹಾಗೇ ಹೇಳ್ತೀನಿ," ಎಂದರು.

ಟೀಚರದು ಎರಡನೇ ಮಹಡಿಯ ಚಿಕ್ಕ ಮನೆ, ತಂಗಿಯ ಜೊತೆ ಇದ್ದರು. ಎಪ್ಪತ್ತೊಂದು ವಯಸ್ಸು. ಬೆನ್ನು ನೆಟ್ಟಗೆ, ಕನ್ನಡಕದ ಹಿಂದೆ ಕಣ್ಣು ಚುರುಕು. ಟೇಪಣ್ಣನನ್ನು ನೋಡಿದ ಕೂಡಲೇ ಗುರುತು ಹಿಡಿದರು.

"ಹಿಂದಿನ ಬೆಂಚಿನ ಹೆಡ್‌ಫೋನ್ ಮಾಮ ಅಲ್ವಾ ನೀವು! ಮಕ್ಕಳು ಹಾಗೇ ಕರೀತಿದ್ರು. ಬನ್ನಿ ಬನ್ನಿ. ಇವರು?"

"ನಿಮ್ಮ ಪಾಠ ಎಲ್ಲ ಟೈಪ್ ಮಾಡಿದವಳು ನಾನೇ ಟೀಚರ್," ಎಂದೆ.

ತಂಗಿ ಚಹಾ ತಂದಿಟ್ಟು ಒಳಗೆ ಹೋದರು. ಟೇಪಣ್ಣ ಬಾಯಿ ತೆರೆಯುವ ಮುಂಚೆಯೇ ಟೀಚರು ಮಾತು ಶುರುಮಾಡಿದರು. ಅದು ನಮ್ಮ ದುರದೃಷ್ಟ.

"ನಿಮ್ಮ ಸಂಸ್ಥೆಯವರು ಬಂದಿದ್ದು ಒಳ್ಳೇದಾಯ್ತು. ಒಂದು ಧನ್ಯವಾದ ಹೇಳೋದು ಬಾಕಿ ಇತ್ತು. ನಾನು ಅಷ್ಟು ವರ್ಷ ಏನೋ ದೊಡ್ಡದಾಗಿ ಕಾಯ್ತೀನಿ ಅಂದ್ಕೊಂಡಿದ್ದೆ. ಒಂದೂವರೆ ಸೆಕೆಂಡಂತೆ! ಸಭೆಯಲ್ಲಿ ಮುಖ ಎಲ್ಲಿಟ್ಟುಕೊಳ್ಳಲಿ ಅನ್ನೋ ಹಾಗಾಯ್ತು. ಮಾರನೇ ದಿನವೇ ಸೆಕೆಂಡಿನ ಮುಳ್ಳಿರೋ ಕೈಗಡಿಯಾರ ಕೊಂಡ್ಕೊಂಡೆ. ಆಮೇಲೆ ನನ್ನ ಅಂದಾಜು ನಂಬೋದೇ ಬಿಟ್ಟೆ. ಪ್ರಶ್ನೆ ಕೇಳೋದು, ಮುಳ್ಳು ನೋಡೋದು, ಮೂರು ಸೆಕೆಂಡು ಆಯ್ತು ಅಂದ್ರೆ ಮುಂದಿನ ಮಗು. ಕೆಲವು ಸಲ ಉದಾರವಾಗಿ ಐದು."

ಇದನ್ನು ನಾವಿಬ್ಬರೂ ಯೋಚಿಸಿಯೇ ಇರಲಿಲ್ಲ. ಕಾಯುವುದಿಲ್ಲ ಎಂದು ಬೈಸಿಕೊಂಡವರು ಇನ್ನೂ ಹೆಚ್ಚು ಕಾಯುತ್ತಾರೆ, ಮಕ್ಕಳಿಗೇನೂ ನಷ್ಟವಿಲ್ಲ ಎಂದೇ ಬಸ್ಸಿನಲ್ಲಿ ನಾನು ಸಮಾಧಾನ ಮಾಡಿಕೊಂಡಿದ್ದೆ. ಮೂರು ಸೆಕೆಂಡು ಮಿಕ್ಕವರಿಗೆಲ್ಲ ಹೆಚ್ಚು. ಇವರೊಬ್ಬರಿಗೆ ಅದು ಕಡಿಮೆ ಮಾಡಿಕೊಳ್ಳುವ ಅಳತೆಯಾಗಿತ್ತು.

"ಒಂದು ಮಾತ್ರ ನನಗೆ ಅರ್ಥ ಆಗಲಿಲ್ಲ," ಎಂದರು ಟೀಚರು. "ಮೂಲೆಯಲ್ಲಿ ಕೂರೋ ಮಕ್ಕಳು, ಯಾವಾಗಲೂ ನಿಧಾನಕ್ಕೆ ಹೇಳ್ತಿದ್ದವರು, ಉತ್ತರ ಕೊಡೋದೇ ನಿಲ್ಲಿಸಿಬಿಟ್ರು. ಬಾಯಿ ತೆರೀತಿದ್ರು, ಅಷ್ಟರಲ್ಲಿ ಮೂರಾಗ್ತಿತ್ತು. ಮತ್ತೆ ಮುಚ್ಕೊಳ್ತಿದ್ರು. ಮೊದಲಿಗಿಂತ ಎರಡರಷ್ಟು ಕಾಯ್ತಾ ಇದ್ದೀನಲ್ಲ, ಹೀಗ್ಯಾಕೆ ಅಂತ ಯೋಚನೆ ಆಗೋದು. ವಯಸ್ಸಾಯ್ತು, ಕಲಿಸೋದು ಕೈಬಿಟ್ಟು ಹೋಗ್ತಿದೆ ಅಂದ್ಕೊಂಡೆ."

ಟೇಪಣ್ಣ ಲೋಟ ಕೆಳಗಿಟ್ಟರು. ನನ್ನ ಕಡೆ ನೋಡಲಿಲ್ಲ. ಗುಂಡಿಯ ವಿಷಯ ಹೇಳಿದರು. ಅವರು ಅಷ್ಟುದ್ದ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಖಟ್ ಎನ್ನುವ ಯಂತ್ರ, ಮಕ್ಕಳು ತಿರುಗಿ ನೋಡಬಾರದೆಂಬ ಅಪ್ಪಣೆ, ಮೌನವಾದಾಗಲೆಲ್ಲ ಟೇಪು ನಿಂತದ್ದು, ಟೇಪು ಉಳಿಯಿತೆಂದು ತಾವು ಖುಷಿಪಟ್ಟದ್ದು ಎಲ್ಲವನ್ನೂ ಹೇಳಿದರು.

"ನೀವು ಗೋಡೆಗೆ ಒರಗಿದ ತಕ್ಷಣ ಅದು ನಿಂತುಬಿಡ್ತಿತ್ತು ಟೀಚರೇ. ಆ ಒಂದೂವರೆ ಸೆಕೆಂಡು ನಿಮ್ಮದಲ್ಲ."

ಟೀಚರು ಕೊನೆಯವರೆಗೂ ಕೇಳಿಸಿಕೊಂಡರು. ಸಿಟ್ಟು ಕಾಣಲಿಲ್ಲ, ಕಣ್ಣೀರೂ ಕಾಣಲಿಲ್ಲ. ಬಹುಶಃ ಮನಸ್ಸು ಮೊದಲು ಓಡಿದ್ದು ಲೆಕ್ಕದ ಕಡೆಗೆ.

"ಪಾಠ ನಲವತ್ತು ನಿಮಿಷ. ನಿಮ್ಮ ಟೇಪು ಎಷ್ಟು ಬರ್ತಿತ್ತು?"

"ಇಪ್ಪತ್ತೆಂಟು. ಹೆಚ್ಚುಕಮ್ಮಿ ನಾಲ್ಕೂ ಅಷ್ಟೇ."

"ಒಂದು ಪಾಠದಲ್ಲಿ ಎಷ್ಟು ಪ್ರಶ್ನೆ ಕೇಳ್ತಿದ್ದೆ ನಾನು?" ಎಂದು ನನ್ನತ್ತ ತಿರುಗಿದರು.

"ಮೂವತ್ತು ಇರ್ತಿತ್ತು ಟೀಚರ್. ನಾನೇ ಒಂದೊಂದಕ್ಕೂ ಸಂಖ್ಯೆ ಹಾಕಿದ್ದೆ."

ಅವರು ಕಣ್ಣು ಮುಚ್ಚಿದರು. ತುಟಿ ಅಲುಗಿತು. ಕಾಗದ, ಪೆನ್ನು ಏನೂ ಕೇಳಲಿಲ್ಲ.

"ಹನ್ನೆರಡು ನಿಮಿಷ, ಏಳುನೂರ ಇಪ್ಪತ್ತು ಸೆಕೆಂಡು. ಮೂವತ್ತರಿಂದ ಭಾಗಿಸಿದ್ರೆ ಇಪ್ಪತ್ನಾಲ್ಕು. ಮೇಲೆ ಒಂದೂವರೆ." ಕಣ್ಣು ತೆರೆದರು. "ನನಗೆ ಅರ್ಧ ನಿಮಿಷ ಅನ್ಸೋದು. ನನ್ನ ಅಂದಾಜು ಸರಿಯಾಗೇ ಇತ್ತು."

"ಸರಿಯಾಗೇ ಇತ್ತು," ಎಂದರು ಟೇಪಣ್ಣ.

"ಇಪ್ಪತ್ತೈದರಿಂದ ಮೂರಕ್ಕೆ ಇಳಿಸಿದೆ. ಹನ್ನೊಂದು ವರ್ಷ. ತರಗತಿಗೆ ನಲವತ್ತು ಮಕ್ಕಳು." ಈ ಸಲ ಗುಣಾಕಾರ ಮಾಡಿದ್ದು ಹೊರಗೆ ಕೇಳಲಿಲ್ಲ. ಆದರೆ ಮಾಡಿದರು ಎಂದು ಮುಖ ನೋಡಿದರೆ ತಿಳಿಯುತ್ತಿತ್ತು.

"ಇದು ನಿಮಗೆ ಯಾವಾಗ ಗೊತ್ತಾಯ್ತು?" ಎಂದು ಟೀಚರು ಕೇಳಿದರು.

ಕೇಳಿ ಸುಮ್ಮನಾದರು. ಟೇಪಣ್ಣನ ಮುಖವನ್ನೇ ನೋಡುತ್ತ ಕೂತರು. ಟೇಪಣ್ಣ ಬಾಯಿ ತೆರೆಯುವ ಮುಂಚೆ ನಾನು ಕಾಲಲ್ಲಿ ಅವರ ಪಾದ ಒತ್ತಿದೆ. ಬಸ್ಸಿನಲ್ಲಿ ಹೇಳಿಕೊಟ್ಟದ್ದು ಹೇಳಿ, ದಯವಿಟ್ಟು ಅಷ್ಟೇ ಹೇಳಿ, ಎಂದು ಒಳಗೊಳಗೇ ಬೇಡಿಕೊಂಡೆ. ಟೇಪಣ್ಣ ಜೇಬು ಮುಟ್ಟಿಕೊಂಡರು. ಟೀಚರು ಅವಸರ ಮಾಡಲಿಲ್ಲ.

"ಅವತ್ತೇ," ಎಂದರು ಟೇಪಣ್ಣ ಕೊನೆಗೆ. "ಸಭೆಯಲ್ಲೇ. ನೀವು ನನ್ನ ಕಡೆ ತಿರುಗಿ ನೋಡಿದ್ರಲ್ಲ, ಆಗಲೇ ಗೊತ್ತಿತ್ತು."

ಟೀಚರು ತಲೆಯಾಡಿಸಿದರು. ಸರಿಯುತ್ತರ ಕೊಟ್ಟ ಮಗುವಿಗೆ ಹಾಗೆ ತಲೆಯಾಡಿಸುತ್ತಿದ್ದರೋ ಏನೋ, ನನಗೆ ಗೊತ್ತಿಲ್ಲ. 

"ಅವತ್ತು ಶನಿವಾರ," ಎಂದರು. "ಭಾನುವಾರ ನಾನು ಗಡಿಯಾರ ಕೊಂಡೆ. ಸೋಮವಾರ ಬೆಳಿಗ್ಗೆ ಶಾಲೆ ಬಾಗಿಲಲ್ಲಿ ಬಂದು ಹೇಳಿದ್ರೂ ಸಾಕಾಗಿತ್ತು. ಒಂದು ಮಗುವಿಗೂ ಏನೂ ಆಗ್ತಿರಲಿಲ್ಲ."

"ಹೌದು ಟೀಚರೇ," ಎಂದರು ಟೇಪಣ್ಣ.